ಮೂರು ಸಬ್ಜೆಕ್ಟ್ ಇದ್ದರೆ ಹಣ ಬರುತ್ತೆ, ಎರಡಾದರೆ?

ಪ್ರಶ್ನೆ: ಅಕ್ಕಾ, ನಾವು ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದೇವೆ. ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು, ಸಿಟಿಜನ್ ಆಗಿದ್ದೇವೆ. ಮಗಳಿಗೆ 19 ವರ್ಷ, ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಸೆಂಟರ್‌ಲಿಂಕ್‌ನಿಂದ (ಸರ್ಕಾರದ ನೆರವಿನ ಹಣ ಕೊಡುವ ಕಚೇರಿ) ಯೂತ್ ಅಲೋಯನ್ಸ್, ಅಂದರೆ ಓದುವ ಮಕ್ಕಳ ಖರ್ಚಿಗೆ ಕೊಡುವ ಹಣ, ಬರುತ್ತದೆ. ಈ ಸೆಮಿಸ್ಟರ್‌ಗೆ ನಾಲ್ಕು ಸಬ್ಜೆಕ್ಟ್ ತೆಗೆದುಕೊಂಡಿದ್ದಳು. ರಜೆಯಲ್ಲೇ ಅವಳಿಗೆ ನಿದ್ದೆ ಕೆಟ್ಟಿತ್ತು, ಈಗ ಕ್ಲಾಸಿಗೆ ಹೊರಟರೆ ಎದೆ ಹೊಡೆದುಕೊಳ್ಳುತ್ತೆ ಎನ್ನುತ್ತಾಳೆ. ಡಾಕ್ಟರು ಆಂಗ್ಸೈಟಿ ಎಂದಿದ್ದಾರೆ. ಒಂದು ಸಬ್ಜೆಕ್ಟ್ ಬಿಟ್ಟಾಯಿತು, ಇನ್ನೊಂದನ್ನೂ ಬಿಡುತ್ತಾಳಂತೆ. ಯೂನಿವರ್ಸಿಟಿಯ ಸೆನ್ಸಸ್ ಡೇಟ್‌ಗೆ ಇನ್ನೂ ಎರಡು ವಾರ ಇದೆ, ಅಷ್ಟರೊಳಗೆ ಬಿಟ್ಟರೆ ಏನೂ ಆಗಲ್ಲ ಅಂತ ಗೆಳತಿಯರು ಹೇಳಿದ್ದಾರೆ. ಇದು ನಿಜವಾ? ಮನೆಯವರಿಗೆ ಶಿಫ್ಟ್ ಕಡಿಮೆಯಾಗಿದೆ. ಆ ಹಣ ನಿಂತರೆ ಕಷ್ಟ.
(ಹೆಸರು ಬೇಡ, ಟಾರ್ನೀಟ್)

ಉತ್ತರ: ತಂಗಿ, ಇವತ್ತು ಎರಡನೇ ಸಬ್ಜೆಕ್ಟ್ ಬಿಡಬೇಡ ಎಂದು ಮೊದಲು ಮಗಳಿಗೆ ಹೇಳಿ. ಎರಡು ವಾರ ಇದೆಯಲ್ಲ, ಅದು ಸಾಕು.

ಗೆಳತಿಯರು ಹೇಳಿದ್ದು ಅರ್ಧ ನಿಜ. ಸೆನ್ಸಸ್ ಡೇಟ್ ಫೀಸಿನ ಲೆಕ್ಕಕ್ಕೆ. ಆ ದಿನದೊಳಗೆ ಸಬ್ಜೆಕ್ಟ್ ಬಿಟ್ಟರೆ ಅದರ ಹೆಕ್ಸ್ ಸಾಲ (ಫೀಸಿಗೆಂದು ಸರ್ಕಾರ ಕೊಡುವ ಸಾಲ) ತಲೆ ಮೇಲೆ ಬರುವುದಿಲ್ಲ. ಯೂತ್ ಅಲೋಯನ್ಸ್‌ನ ಲೆಕ್ಕವೇ ಬೇರೆ. ಅಲ್ಲಿ ಕೇಳುವುದು, ಈಗ ನೀನು ಫುಲ್ ಟೈಮ್ ವಿದ್ಯಾರ್ಥಿಯಾ ಅಂತ. ಪೂರ್ತಿ ಓದಿನ ಮುಕ್ಕಾಲು ಭಾಗ, ಅಂದರೆ ಶೇ. 75 ಇದ್ದರೆ ಫುಲ್ ಟೈಮ್. ನಾಲ್ಕರಲ್ಲಿ ಮೂರು ಇದ್ದರೆ ಸರಿಯಾಗಿ 75. ಹಾಗಾಗಿ ಮೊದಲನೆಯದನ್ನು ಬಿಟ್ಟಾಗ ಏನೂ ಆಗಲಿಲ್ಲ. ಎರಡನೆಯದನ್ನು ಬಿಟ್ಟರೆ 50ಕ್ಕೆ ಇಳಿಯುತ್ತಾಳೆ. ಸೆನ್ಸಸ್ ಡೇಟ್‌ಗೆ ಮುಂಚೆ ಬಿಟ್ಟರೂ ಅಷ್ಟೇ, ಬಿಟ್ಟ ದಿನದಿಂದಲೇ ಅವಳು ಫುಲ್ ಟೈಮ್ ಅಲ್ಲ.

ಇದು ನಮ್ಮ ತಲೆಗೆ ಬೇಗ ಹೋಗುವುದಿಲ್ಲ, ಅದಕ್ಕೆ ಕಾರಣವೂ ಇದೆ. ನಾನು ತುಮಕೂರಿನಲ್ಲಿ ಬಿಎಸ್ಸಿ ಮಾಡಿದವಳು. ಪಿಸಿಎಂ ಎಂದರೆ ಪಿಸಿಎಂ. ಈ ವರ್ಷ ಕೆಮಿಸ್ಟ್ರಿ ಬೇಡ, ಮುಂದಿನ ವರ್ಷ ನೋಡೋಣ ಎನ್ನುವ ಹಾಗಿರಲಿಲ್ಲ. ಫೇಲಾದರೆ ಮತ್ತೆ ಪರೀಕ್ಷೆ ಕಟ್ಟುತ್ತಿದ್ದೆವು, ಆದರೂ ಕಾಲೇಜಿನ ಹುಡುಗಿಯೇ ಆಗಿರುತ್ತಿದ್ದೆವು. ಇಲ್ಲಿ ಒಂದೊಂದು ಸಬ್ಜೆಕ್ಟಿಗೂ ತೂಕ ಇದೆ. ಮಕ್ಕಳು ಫೋನಿನಲ್ಲೇ ಅದನ್ನು ತೆಗೆದುಹಾಕುತ್ತಾರೆ, ಅಪ್ಪ ಅಮ್ಮನಿಗೆ ಗೊತ್ತೂ ಆಗುವುದಿಲ್ಲ.

ನಮ್ಮ ಮನೆಯಲ್ಲೇ ಹೀಗಾಯಿತು. ದೊಡ್ಡ ಮಗ ಆಗಸ್ಟ್‌ನಲ್ಲಿ ಎರಡು ಸಬ್ಜೆಕ್ಟ್ ಬಿಟ್ಟ. ಕಾಲೇಜಿನ ಹೆಲ್ಪ್ ಡೆಸ್ಕ್‌ನಲ್ಲಿ ಕೇಳಿದನಂತೆ, 'ಪೆನಾಲ್ಟಿ ಏನಿಲ್ಲ' ಎಂದರಂತೆ. ಅವರು ಫೀಸಿನ ಬಗ್ಗೆ ಹೇಳಿದ್ದು, ಇವನು ಎಲ್ಲದಕ್ಕೂ ಅಂದುಕೊಂಡ. ಹದಿನೈದು ದಿನಕ್ಕೊಮ್ಮೆ ಹಣ ಬರುತ್ತಲೇ ಇತ್ತು, ಐದು ಸಲ ಬಂತು. ಡಿಸೆಂಬರ್‌ನಲ್ಲಿ, ಅಷ್ಟೂ ಹಣ ವಾಪಸ್ ಕೊಡಬೇಕು ಎಂದು ಪತ್ರ ಬಂತು. ಅವನು ಅದನ್ನು ಮೂರು ವಾರ ಹಾಸಿಗೆ ಕೆಳಗೆ ಇಟ್ಟುಕೊಂಡಿದ್ದ. ಕಂತು ಮಾಡಿಸಿ ತೀರಿಸಿದೆವು. ಹಣ ತೀರಿತು. ಆ ಮೂರು ವಾರ ಅವನು ಒಬ್ಬನೇ ಹೆದರಿಕೊಂಡಿದ್ದನಲ್ಲ, ಅದು ನನಗೆ ಈಗಲೂ ನೋವು. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಮಗಳ ಜೊತೆ ಕೂತು ಅವಳ ಎನ್ರೋಲ್‌ಮೆಂಟ್ ಪುಟ ತೆರೆಯಿರಿ. ಸಬ್ಜೆಕ್ಟ್ ಎಷ್ಟು ಎಂದು ಎಣಿಸಬೇಡಿ. ಇಎಫ್‌ಟಿಎಸ್‌ಎಲ್ ಎನ್ನುವ ಅಂಕಿ ನೋಡಿ. ಇಡೀ ವರ್ಷದ ಪೂರ್ತಿ ಓದನ್ನು 1 ಎಂದು ಹಿಡಿದರೆ ಆ ಸಬ್ಜೆಕ್ಟಿನ ಪಾಲು ಎಷ್ಟು ಎಂದು ಅದು ಹೇಳುತ್ತದೆ. ಮೆಲ್ಬರ್ನ್ ಯೂನಿವರ್ಸಿಟಿಯಲ್ಲಿ ಸಾಮಾನ್ಯ ಸಬ್ಜೆಕ್ಟ್ ಒಂದಕ್ಕೆ 12.5 ಪಾಯಿಂಟ್, ಮೊನಾಶ್‌ನಲ್ಲಿ 6. ಆದರೆ ಎರಡೂ ಕಡೆ ಇಎಫ್‌ಟಿಎಸ್‌ಎಲ್ 0.125. ಸೆಮಿಸ್ಟರ್‌ಗೆ ಒಟ್ಟು 0.375 ಇದ್ದರೆ ಫುಲ್ ಟೈಮ್. ಕೆಲವು ಕೋರ್ಸಿನಲ್ಲಿ ನಾಲ್ಕರ ಬದಲು ಮೂರೇ ದೊಡ್ಡ ಸಬ್ಜೆಕ್ಟ್ ಇರುತ್ತವೆ. ಅಲ್ಲಿ ಒಂದು ಬಿಟ್ಟರೂ ಮುಕ್ಕಾಲಿಗಿಂತ ಕೆಳಗೆ ಬೀಳುತ್ತಾರೆ.

ನಿಮ್ಮ ಮಗಳಿಗೆ ನಿಜಕ್ಕೂ ಬೇಕಾಗಿರುವುದು ಓದಿನ ಲೋಡ್‌ನಲ್ಲಿ ರಿಯಾಯಿತಿ, ಅಂದರೆ ಶೇ. 75ಕ್ಕಿಂತ ಕಡಿಮೆ ಓದಿದರೂ ಫುಲ್ ಟೈಮ್ ಎಂದೇ ಲೆಕ್ಕ ಹಿಡಿಯುವುದು. ಆಸ್ಟ್ರೇಲಿಯಾದ 1991ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯಲ್ಲೇ ಇದಕ್ಕೆ ಜಾಗ ಇದೆ. ಎರಡು ಬಗೆ. ಒಂದು ಶೇ. 66ರದ್ದು. ಕೋರ್ಸಿನ ನಿಯಮದಿಂದಲೋ, ಯೂನಿವರ್ಸಿಟಿಯೇ ಕಡಿಮೆ ಓದು ಎಂದು ಬರೆದುಕೊಟ್ಟದ್ದರಿಂದಲೋ ಲೋಡ್ ಇಳಿದರೆ ಇದು ಸಿಗುತ್ತದೆ. ನಾಲ್ಕರಲ್ಲಿ ಎರಡು ಎಂದರೆ 50 ತಾನೇ, ಹಾಗಾಗಿ ನಿಮಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಶೇ. 25ರದ್ದು. ದೇಹದ ಅಥವಾ ಮನಸ್ಸಿನ ದೊಡ್ಡ ತೊಂದರೆಯಿಂದ ಫುಲ್ ಟೈಮ್ ಓದಲು ಆಗದವರಿಗೆ ಇದು. ಒಪ್ಪಿದರೆ ಒಂದೇ ಸಬ್ಜೆಕ್ಟ್ ಓದುತ್ತಿದ್ದರೂ ಫುಲ್ ಟೈಮ್ ವಿದ್ಯಾರ್ಥಿಯ ಹಾಗೇ ಹಣ ಬರುತ್ತದೆ. ಓದು ಕಡಿಮೆ ಎಂದು ಹಣ ಕಡಿಮೆ ಮಾಡುವುದಿಲ್ಲ.

ಮನಸ್ಸಿನ ಕಾಯಿಲೆ ಇದರಲ್ಲಿ ಸೇರುತ್ತದೆ. ಆದರೆ ಡಾಕ್ಟರ್ ಚೀಟಿಯಲ್ಲಿ 'ಆಂಗ್ಸೈಟಿ' ಎಂದು ಸುಮ್ನೆ ಒಂದು ಪದ ಇದ್ದರೆ ಸಾಲದು. ಓದಿಗೆ ಹೇಗೆ ಅಡ್ಡ ಬರುತ್ತಿದೆ, ಕ್ಲಾಸಿನಲ್ಲಿ ಎಷ್ಟು ಹೊತ್ತು ಕೂರಲು ಆಗುತ್ತೆ, ಎಷ್ಟು ಕಾಲ ಹೀಗೇ ಇರಬಹುದು, ಇದೆಲ್ಲ ಬರೆಸಿಕೊಳ್ಳಿ. ನಾಲ್ಕು ಜನಕ್ಕೆ ಗೊತ್ತಾಗುತ್ತೆ ಎಂದು ನಮ್ಮವರು ಇಂಥ ಪತ್ರ ಕೇಳಲೇ ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ಕಾಲು ಮುರಿದಿದ್ದರೆ ಎಕ್ಸ್‌ರೇ ತೋರಿಸುತ್ತಿರಲಿಲ್ವಾ?

ಮೊದಲು ಪತ್ರ, ಆಮೇಲೆ ಸೆಂಟರ್‌ಲಿಂಕ್‌ನಲ್ಲಿ ಅರ್ಜಿ, ಸಬ್ಜೆಕ್ಟ್ ಬಿಡುವುದು ಕೊನೆಗೆ. ಅರ್ಜಿಯನ್ನು ಮಗಳೇ ಹಾಕಬೇಕು. ಅವಳು ಅನುಮತಿ ಕೊಡದೆ ನಿಮ್ಮ ಜೊತೆ ಅವರು ಅವಳ ವಿಷಯ ಮಾತಾಡುವುದಿಲ್ಲ. ಅವಳಿಗೆ ಫೋನ್ ಮಾಡಲೂ ಧೈರ್ಯವಿಲ್ಲದಿದ್ದರೆ, ನಿಮ್ಮ ಹೆಸರನ್ನು ಸೇರಿಸಲಿ. ಪಕ್ಕದಲ್ಲಿ ಕೂತು ಸಹಾಯ ಮಾಡಿ.

ಸೆನ್ಸಸ್ ಡೇಟ್ ಹತ್ತಿರ ಬಂದರೂ ಉತ್ತರ ಬರಲಿಲ್ಲ, ಅವಳ ಕೈಲಿ ಆಗುತ್ತಲೂ ಇಲ್ಲ ಎಂದರೆ, ಬಿಡಲಿ. ಮಗಳ ಆರೋಗ್ಯಕ್ಕಿಂತ ಆ ಹಣ ಜಾಸ್ತಿಯಲ್ಲ. ಆದರೆ ಬಿಟ್ಟ 14 ದಿನದೊಳಗೆ ಸೆಂಟರ್‌ಲಿಂಕ್‌ಗೆ ತಿಳಿಸಲೇಬೇಕು. ತಿಳಿಸಿದರೆ ಹಣ ನಿಲ್ಲಬಹುದು, ಆದರೆ ತಿಂಗಳುಗಟ್ಟಲೆ ಸಾಲ ಬೆಳೆಯುವುದಿಲ್ಲ. ಪುಸ್ತಕಕ್ಕೆಂದು ವರ್ಷಕ್ಕೆ ಎರಡು ಸಲ ಸಿಗುವ ಸ್ಟೂಡೆಂಟ್ ಸ್ಟಾರ್ಟ್-ಅಪ್ ಲೋನ್ ಕೂಡ ಯೂತ್ ಅಲೋಯನ್ಸ್‌ಗೆ ಅಂಟಿಕೊಂಡಿದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸೆನ್ಸಸ್ ಡೇಟ್ ದಾಟಿದ ಮೇಲೆ ಕಾಯಿಲೆ ಜೋರಾಗಿ ಬಿಡಬೇಕಾಗಿ ಬಂದರೆ, ಆ ಹೆಕ್ಸ್ ಸಾಲ ಮನ್ನಾ ಮಾಡಿ ಎಂದು ಯೂನಿವರ್ಸಿಟಿಯನ್ನು ಕೇಳಬಹುದು. ಅದಕ್ಕೂ ಅದೇ ಡಾಕ್ಟರ್ ಪತ್ರ ಬೇಕು.

ಪ್ರಶ್ನೆ: ಮಗ ಸಿಡ್ನಿಗೆ ಮಾಸ್ಟರ್ಸ್ ಓದಲು ಹೋಗುತ್ತಿದ್ದಾನೆ. ಫುಲ್ ಟೈಮ್ ಓದಿದರೆ ಅಲ್ಲಿನ ಸರ್ಕಾರವೇ ಖರ್ಚಿಗೆ ಹಣ ಕೊಡುತ್ತೆ ಎಂದು ಏಜೆಂಟ್ ಹೇಳುತ್ತಿದ್ದಾನೆ. ನಂಬಬಹುದಾ ಮೇಡಂ?
(ಒಬ್ಬ ತಂದೆ, ದಾವಣಗೆರೆ)

ಉತ್ತರ: ನಂಬಬೇಡಿ. ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಯೂತ್ ಅಲೋಯನ್ಸ್ ಇಲ್ಲ, 25 ದಾಟಿದವರಿಗೆ ಕೊಡುವ ಆಸ್ಟಡಿಯೂ ಇಲ್ಲ. ಎಷ್ಟು ಸಬ್ಜೆಕ್ಟ್ ತೆಗೆದುಕೊಂಡರೂ ಇಲ್ಲ. ಮುಂದೆ ಪಿಆರ್ (ಅಲ್ಲೇ ಕಾಯಂ ಆಗಿ ಇರಲು ಅನುಮತಿ) ಸಿಕ್ಕರೂ ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. ಮಗ ಕೆಲಸ ಮಾಡಬಹುದು, ಆದರೆ ಕ್ಲಾಸ್ ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆ ಮಾತ್ರ. ಆ ದುಡಿಮೆಯನ್ನು ನಂಬಿ ಫೀಸಿನ ಲೆಕ್ಕ ಹಾಕಬೇಡಿ. ಬ್ಯಾಂಕ್ ಸಾಲಕ್ಕೆ ಸಹಿ ಮಾಡುವ ಮೊದಲು, ಏಜೆಂಟ್ ಹೇಳಿದ ಆ ಹಣವನ್ನು ನಿಮ್ಮ ಲೆಕ್ಕದ ಹಾಳೆಯಿಂದ ಹೊಡೆದುಹಾಕಿ, ಮತ್ತೊಮ್ಮೆ ಕೂಡಿಸಿ ನೋಡಿ.