ಗಾಡಿ ಕೇಳ್ರಿ: ಬೋರ್ ಹೆಚ್ಚಿಸಿದರೆ ದಾರಿಯಲ್ಲಿ ಕೈ ಕೊಡುತ್ತಾ?

ಕಳೆದ ಸಂಚಿಕೆಯಲ್ಲಿ ರೀಬೋರ್ ಬಗ್ಗೆ, ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕೋದರ ಬಗ್ಗೆ, ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ದೊಡ್ಡದು ಮಾಡಿಸಲಾ, ಎಷ್ಟು ಮಾಡಿಸಲಿ, ಎಷ್ಟು ದಿನ ಬಾಳುತ್ತೆ? ಹಾಗಾಗಿ ಈ ಸಲ ಬ್ಯಾಟರಿ, ಚೈನು, ಹೆಡ್‌ಲೈಟಿನ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಹಿಡಿದು ಕೂತಿದ್ದೇನೆ.

ನಮಸ್ಕಾರ್ರೀ ಅಣ್ಣಾರೇ. ನನ್ನದು 2012ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಹೊಗೆ ಬಿಡುತ್ತಿದೆ, ರೀಬೋರ್ ಮಾಡಿಸಲೇಬೇಕು. ಹೇಗೂ ಎಂಜಿನ್ ಬಿಚ್ಚುತ್ತೀಯಲ್ಲ, 400 ಸಿಸಿ ದಾಟಿಸಿಬಿಡು ಅಂತ ಗೆಳೆಯರು ಗಂಟು ಬಿದ್ದಿದ್ದಾರೆ. ವಾರಕ್ಕೊಮ್ಮೆ ಬೀದರ್‌ಗೆ ಹೋಗಿ ಬರುತ್ತೇನೆ. ದಾರಿಯಲ್ಲಿ ಕೈ ಕೊಡಬಾರದು, ಅಷ್ಟೇ. ಏನು ಮಾಡಲಿ?
— ಬೇಳೆ ವ್ಯಾಪಾರಿ, ನೆಹರೂ ಗಂಜ್, ಕಲಬುರಗಿ

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದೇ ಆ 'ಕೈ ಕೊಡಬಾರದು' ಅನ್ನುವ ಮಾತು. ಅಲ್ಲಿಂದಲೇ ಲೆಕ್ಕ ಶುರು ಮಾಡೋಣ.

ನಿಮ್ಮ ಎಂಜಿನ್ನಿನ ಬೋರ್ 70 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90 ಮಿ.ಮೀ., ಒಟ್ಟು 346 ಸಿಸಿ. ಅದೇ ಕಾಲದ ಕ್ಲಾಸಿಕ್ 500 ಇದೆಯಲ್ಲ, ಅದರ ಸ್ಟ್ರೋಕೂ 90. ಬೋರ್ ಮಾತ್ರ 84, ಹಾಗಾಗಿ 499 ಸಿಸಿ. ಅಂದರೆ ಬೋರ್ ಹೆಚ್ಚಿಸಿದರೆ ಏನಾಗುತ್ತೆ ಅಂತ ಕಂಪನಿಯೇ ಮಾಡಿ ತೋರಿಸಿಬಿಟ್ಟಿದೆ. 350ರ ಟಾರ್ಕ್, ಅಂದರೆ ತಿರುಗಿಸಿ ಎಳೆಯುವ ಬಲ, 4000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 28 ನ್ಯೂಟನ್ ಮೀಟರ್. 500ದ್ದು ಅದೇ 4000ದಲ್ಲಿ 41.3. ಪೂರ್ತಿ ಪವರ್ ಎರಡಕ್ಕೂ 5250ರಲ್ಲೇ ಬರುತ್ತೆ, ಒಂದಕ್ಕೆ 19.8 ಹಾರ್ಸ್‌ಪವರ್, ಇನ್ನೊಂದಕ್ಕೆ 27.2. ಎಂಜಿನ್ ಜಾಸ್ತಿ ಕಿರುಚಲ್ಲ, ಓಡುವ ವೇಗದಲ್ಲೇ ಜಾಸ್ತಿ ಎಳೆಯುತ್ತೆ. ಹಿಂದೆ ಹೆಂಡತಿ ಕೂತು, ಮುಂದೆ ಟ್ಯಾಂಕಿನ ಮೇಲೆ ಅರ್ಧ ಚೀಲ ಬೇಳೆ ಇಟ್ಟುಕೊಂಡು ಹೋಗುವ ನಮ್ಮಂಥವರಿಗೆ ಬೇಕಾದ್ದೂ ಇದೇ ಥರದ ಬಲ. ಆದ್ದರಿಂದ ನಿಮ್ಮ ಗೆಳೆಯರು ಹೇಳೋದು ಪೂರ್ತಿ ಹುಚ್ಚಲ್ಲ.

ಆದರೆ ಕಂಪನಿ 500 ಮಾಡುವಾಗ ಬೋರ್ ಒಂದನ್ನೇ ಬದಲಿಸಲಿಲ್ಲ. ನಿಮ್ಮ ಗಾಡಿಯ ಕಂಪ್ರೆಶನ್, ಅಂದರೆ ಒಳಗೆ ಬಂದ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ, 8.5. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಸಿಲಿಂಡರಿನ ಮುಚ್ಚಳದ ಹಾಗಿರುವ ಹೆಡ್ಡಿನೊಳಗೆ ಉಳಿಯುವ ಜಾಗ ಸುಮಾರು 46 ಸಿಸಿ. ಈಗ ಬೋರನ್ನು 76 ಮಾಡಿಸಿದಿರಿ ಅನ್ನಿ. 408 ಸಿಸಿ ಆಯಿತು, ಗೆಳೆಯರಿಗೆ ಖುಷಿ. ಆದರೆ ಹೆಡ್ಡಿನೊಳಗಿನ ಜಾಗ ಅದೇ 46, ಹಾಗಾಗಿ ಕಂಪ್ರೆಶನ್ ತಾನಾಗೇ 9.9ಕ್ಕೆ ಏರುತ್ತೆ. 84 ಮಾಡಿದರೆ 11.8! ಕಂಪನಿಯ 500 ಕೂಡ 8.5ರಲ್ಲೇ ಇತ್ತು ಅನ್ನೋದನ್ನು ಮರೀಬೇಡಿ. ಗಾಳಿಯಿಂದ ತಣಿಯುವ ಸಿಂಗಲ್ ಸಿಲಿಂಡರ್, ಮೇ ತಿಂಗಳು, ಕಲಬುರಗಿಯ 43 ಡಿಗ್ರಿ ಬಿಸಿಲು, ನಾಲ್ಕನೇ ಗೇರಿನಲ್ಲಿ ಏರು. ಇಂಥದ್ದರಲ್ಲಿ ಕಂಪ್ರೆಶನ್ ಜಾಸ್ತಿ ಇದ್ದರೆ ಎಂಜಿನ್ ಕಟಕಟ ಅನ್ನೋಕೆ ಶುರು ಮಾಡುತ್ತೆ. ಅದೇ ನಾಕಿಂಗ್. ಅದನ್ನು ಕೇಳಿಯೂ ಥ್ರಾಟಲ್ ಬಿಡದೆ ಹೋದರೆ ಪಿಸ್ಟನ್ ತಲೆ ತೂತಾಗೋದು, ರಿಂಗ್ ಕೂರುವ ಅಂಚು ಮುರಿಯೋದು, ಎಲ್ಲ ಆಗುತ್ತೆ.

ಎರಡನೇದು ಬಿಸಿ. ಸಿಸಿ ಶೇಕಡ 18ರಷ್ಟು ಏರಿತು, ಪೂರ್ತಿ ಥ್ರಾಟಲ್‌ನಲ್ಲಿ ಉರಿಯುವ ಪೆಟ್ರೋಲೂ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ಗಾಳಿಗೆ ಬಿಸಿ ಬಿಡುವ ಸಿಲಿಂಡರಿನ ರೆಕ್ಕೆಗಳು ಮಾತ್ರ ಅವೇ ಹಳೆಯವು. ಮೂರನೇದು ಗೋಡೆ. ಬೋರ್ 6 ಮಿ.ಮೀ. ಹೆಚ್ಚಾದರೆ ಸುತ್ತಲೂ 3 ಮಿ.ಮೀ. ಲೋಹ ಹೋಯಿತು ಅಂತ ಅರ್ಥ. ಗೋಡೆ ತೆಳುವಾದರೆ ಬಿಸಿಯಾದಾಗ ಬೋರ್ ದುಂಡಗೆ ಉಳಿಯಲ್ಲ. ರಿಂಗ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಆಮೇಲೆ ನೀವು ಎಷ್ಟು ಸಲ ಪಿಸ್ಟನ್ ಬದಲಿಸಿದರೂ ಹೊಗೆ ನಿಲ್ಲಲ್ಲ. ಇದರ ಜೊತೆಗೆ ಪಿಸ್ಟನ್ ತೂಕ. ಹಳೇದನ್ನೂ ಹೊಸದನ್ನೂ ಪಿನ್ ಸಮೇತ ನಿಮ್ಮ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ತೂಗಿ ನೋಡಿ. ಹೊಸದು ತುಂಬಾ ಭಾರ ಇದ್ದರೆ ಕ್ರ್ಯಾಂಕಿನ ಬ್ಯಾಲೆನ್ಸ್ ತಪ್ಪುತ್ತೆ, ಹ್ಯಾಂಡಲ್ ನಡುಗಿ ನಡುಗಿ ಹುಮನಾಬಾದ್ ಬರುವಷ್ಟರಲ್ಲಿ ಬೆರಳು ಜುಮ್ಮೆನ್ನುತ್ತೆ.

ನನ್ನನ್ನು ಕೇಳಿದರೆ, 50 ಸೈಜಿನ ಪಿಸ್ಟನ್ ಹಾಕಿಸಿ, ಅಂದರೆ ಅರ್ಧ ಮಿ.ಮೀ. ದೊಡ್ಡದು, 70.5 ಮಿ.ಮೀ. 351 ಸಿಸಿ ಆಗುತ್ತೆ. ನಗಬೇಡಿ. ಉಳಿದ ದುಡ್ಡನ್ನು ಹೆಡ್ಡಿಗೆ ಹಾಕಿ. ವಾಲ್ವ್ ಗೈಡ್ ಸವೆದಿದ್ದರೆ ಬದಲಿಸಿ, ಸೀಟ್ ಕಟ್ ಮಾಡಿಸಿ, ವಾಲ್ವ್ ಲ್ಯಾಪ್ ಮಾಡಿಸಿ, ಸೀಲ್ ಹೊಸದು ಹಾಕಿಸಿ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ. ನಿಮ್ಮ ಎಂಜಿನ್ನಿನಲ್ಲಿ ವಾಲ್ವಿನ ಸಂದನ್ನು ಆಯಿಲ್ ಒತ್ತಡದಿಂದ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರೋದರಿಂದ ಟ್ಯಾಪೆಟ್ ತಂಟೆ ಇಲ್ಲ, ಆದರೆ ಅದಕ್ಕೆ ಶುದ್ಧ ಆಯಿಲ್ ಬೇಕೇ ಬೇಕು. 12 ವರ್ಷ ಮೀರಿ ಓಡಿ ಸೋತಿರುವ ಎಂಜಿನ್ ಮೊದಲು ತನ್ನ ಹುಟ್ಟಿನ ಬಲಕ್ಕೆ ವಾಪಸ್ ಬಂದರೆ ನಿಮಗೆ ಬೋರ್ ಹೆಚ್ಚಿಸಿದ ಹಾಗೇ ಅನಿಸುತ್ತೆ. ಇಷ್ಟಾದ ಮೇಲೂ ಆಸೆ ಹೋಗದಿದ್ದರೆ, ತಲೆ ತಗ್ಗಾಗಿರುವ ಪಿಸ್ಟನ್ನೇ ಹುಡುಕಿ ಕಂಪ್ರೆಶನ್ 9ರೊಳಗೆ ಇಟ್ಟುಕೊಳ್ಳಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ದೊಡ್ಡದು ಹಾಕಿಸಿ, ವಾಲ್ವ್ ತೆರೆಯುವ ಕ್ಯಾಮ್ ಮಾತ್ರ ಮುಟ್ಟಬೇಡಿ. ರೇಸಿನ ಕ್ಯಾಮ್ ಹಾಕಿದರೆ ಬಲ ಎಲ್ಲ ಮೇಲಿನ ಆರ್‌ಪಿಎಂಗೆ ಓಡಿಹೋಗುತ್ತೆ. 90 ಮಿ.ಮೀ. ಸ್ಟ್ರೋಕಿನ ಎಂಜಿನ್ ಅಲ್ಲಿಗೆ ಹೋಗೋಕೆ ಹುಟ್ಟಿದ್ದಲ್ಲ. 5250ರಲ್ಲೇ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 15.75 ಮೀಟರ್ ಓಡುತ್ತಿರುತ್ತೆ.

ಹೋಗುವಾಗ ಕಮಲಾಪುರದಲ್ಲಿ ನಿಂತು ಕೆಂಪು ಬಾಳೆಹಣ್ಣು ತಿನ್ನಿ. ಅಷ್ಟರಲ್ಲಿ ಎಂಜಿನ್ನೂ ತಣ್ಣಗಾಗುತ್ತೆ.

ನನ್ನ ಮಗ ಅವರಪ್ಪನ ಹಳೆ ಪಲ್ಸರ್ 150ಕ್ಕೆ 180ರ ಸಿಲಿಂಡರ್ ಕೂರಿಸುತ್ತೇನೆ ಅಂತ ಹಠ ಹಿಡಿದಿದ್ದಾನೆ. 'ಸ್ಟ್ರೋಕ್ ಒಂದೇ ಅಮ್ಮಾ, ನಿನಗೆ ಗೊತ್ತಾಗಲ್ಲ' ಅನ್ನುತ್ತಾನೆ. ನನಗೆ ನಿಜಕ್ಕೂ ಗೊತ್ತಾಗಲ್ಲ. ಪೊಲೀಸರು ಹಿಡಿದರೆ ಏನು ಗತಿ?
— ಒಬ್ಬ ತಾಯಿ, ಸೇಡಂ

ಅಕ್ಕಾ, ಹುಡುಗ ಲೆಕ್ಕದಲ್ಲಿ ಜಾಣ. ಮೊದಮೊದಲು ಬಂದ ಪಲ್ಸರ್ 150ರ ಬೋರ್ 57, 180ರದ್ದು 63.5, ಸ್ಟ್ರೋಕ್ ಎರಡಕ್ಕೂ 56.4 ಮಿ.ಮೀ. ಅವನು ಹೇಳೋದು ಸರಿ.

ಆದರೆ ಪೊಲೀಸರಿಗಿಂತ ಮುಂಚೆ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಸಿಸಿ ಬರೆದಿರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಹೇಗೋ ಕಟ್ಟಬಹುದು ಅನ್ನಿ. ಏನಾದರೂ ಅಪಘಾತ ಆಗಿ ಇನ್ಶೂರೆನ್ಸ್ ಕೇಳಲು ಹೋದಾಗ, ಗಾಡಿ ಬದಲಿಸಿದ್ದೀರಿ ಅಂತ ಅವರು ತಕರಾರು ತೆಗೆದರೆ ಆ ಪೆಟ್ಟು ದೊಡ್ಡದು. ಸವೆದ ಸಿಲಿಂಡರನ್ನು ಓವರ್‌ಸೈಜ್ ಪಿಸ್ಟನ್‌ಗೆ ಬೋರ್ ಮಾಡಿಸೋದು ರಿಪೇರಿ, ಅದರ ಮಾತು ಬೇರೆ.

ಮಗನಿಗೆ ನನ್ನ ಹೆಸರು ಹೇಳಿ ಒಂದು ಪ್ರಶ್ನೆ ಕೇಳಿ: 'ತಮ್ಮಾ, ಕ್ಲಚ್ ಪ್ಲೇಟು, ಬ್ರೇಕು, ಟೈರು ಯಾವಾಗ ಬದಲಿಸಿದ್ದೆ?' ಉತ್ತರ ಬರದಿದ್ದರೆ ಸಿಲಿಂಡರಿಗೆ ಇಟ್ಟ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಸ್ಪ್ಲೆಂಡರ್‌ನ 150 ಸಿಸಿ ಮಾಡಲು ಬರುತ್ತಾ?
— ಹಾಲಿನ ವ್ಯಾಪಾರಿ, ಭಾಲ್ಕಿ

ಬರಲ್ಲ. ಅದರ ಬೋರ್ 50, ಸ್ಟ್ರೋಕ್ 49.5, ಒಟ್ಟು 97.2 ಸಿಸಿ. ಅದೇ ಸ್ಟ್ರೋಕಿನಲ್ಲಿ 150 ಮುಟ್ಟಬೇಕಾದರೆ ಬೋರ್ 62 ಆಗಬೇಕು. ಅಷ್ಟು ಕೊರೆದರೆ ಸಿಲಿಂಡರ್ ಅಂತ ಏನೂ ಉಳಿಯಲ್ಲ. ಅದನ್ನು ಮಾರಿ ಹಳೇ 150 ಒಂದು ತಗೊಳ್ಳಿ. ಆವರೇಜ್ ಕಡಿಮೆ ಆಗುತ್ತೆ, ಕ್ಯಾನ್ ಲೆಕ್ಕ ಮಾಡಿಕೊಂಡೇ ಹೋಗಿ.

ಅಣ್ಣಾ, ನಾನು ಮಿಸ್ತ್ರಿ. ಲೇಥ್‌ನಲ್ಲಿ ಬೋರ್ ಮಾಡಿಸಿ ತಂದು ನಾನೇ ಎಂಜಿನ್ ಕಟ್ಟುತ್ತೇನೆ. ಹತ್ತರಲ್ಲಿ ಎರಡು ಗಾಡಿ 200 ಕಿ.ಮೀ. ಒಳಗೆ ಪಿಸ್ಟನ್ ಹಿಡಿದುಕೊಂಡು ಸೀಜ್ ಆಗುತ್ತವೆ, ಇಲ್ಲ ಹೊಗೆ ಬಿಡುತ್ತವೆ. ಪಿಸ್ಟನ್ ಕಂಪನಿದೇ ಹಾಕುತ್ತೇನೆ. ಗಿರಾಕಿ ಮುಂದೆ ಮರ್ಯಾದೆ ಹೋಗುತ್ತಿದೆ.
— ಗ್ಯಾರೇಜ್ ಮಾಲೀಕ, ಯಾದಗಿರಿ

ತಮ್ಮಾ, ಹತ್ತರಲ್ಲಿ ಎಂಟು ಚೆನ್ನಾಗಿ ಓಡುತ್ತಿವೆ ಅಂದರೆ ನಿನಗೆ ಕೆಲಸ ಗೊತ್ತಿದೆ. ತಪ್ಪುತ್ತಿರೋದು ಅಳತೆ, ಇಲ್ಲ ತೊಳೆಯೋದು.

ನಾನೂ ಒಮ್ಮೆ ಹೀಗೇ ಮಾಡಿಕೊಂಡೆ. ಜಾತ್ರೆಗೆ ಹೋಗುವ ಅವಸರ. ಲೇಥ್‌ನವನ ಹತ್ತಿರ ಮುಂಚೆಯೇ ಸಿಲಿಂಡರ್ ಕೊಟ್ಟು '50 ಮಾಡಿಡು' ಅಂದೆ, ಪಿಸ್ಟನ್ ಆಮೇಲೆ ತಂದೆ. ಅಳತೆ ನೋಡಲಿಲ್ಲ, ಎಣ್ಣೆ ಹಚ್ಚಿ ಕೂರಿಸಿದೆ. ಜೇವರ್ಗಿ ರಸ್ತೆಯಲ್ಲಿ ಭೀಮಾ ಸೇತುವೆ ಇನ್ನೂ ಬಂದಿರಲಿಲ್ಲ, ಹಿಂದಿನ ಚಕ್ರ ಗಕ್ಕಂತ ಹಿಡಿಯಿತು. ಕ್ಲಚ್ ಒತ್ತಿದೆ, ಬಚಾವಾದೆ. ಆವತ್ತಿನಿಂದ ಪಿಸ್ಟನ್ ಕೈಯಲ್ಲಿ ಹಿಡಿದೇ ಲೇಥ್‌ಗೆ ಹೋಗುತ್ತೇನೆ. ಡಬ್ಬಿ ಮೇಲೆ ಬರೆದ ಸೈಜ್ ನೋಡಿ ಅಲ್ಲ, ಆ ಪಿಸ್ಟನ್ನನ್ನೇ ಮೈಕ್ರೋಮೀಟರಿನಿಂದ ಅಳೆದು ಬೋರ್ ಮಾಡಬೇಕು. ಅಳೆಯೋದು ಪಿನ್‌ಗೆ ಅಡ್ಡಲಾಗಿ, ಸ್ಕರ್ಟಿನ (ರಿಂಗುಗಳ ಕೆಳಗಿನ ಗೋಡೆ) ಕೆಳಭಾಗದಲ್ಲಿ. ತಲೆಯ ಹತ್ತಿರ ಅಳೆದರೆ ಸಣ್ಣ ಅಳತೆ ಬರುತ್ತೆ, ಯಾಕಂದ್ರೆ ಅಲ್ಲಿ ಅದನ್ನು ಬೇಕಂತಲೇ ಸಣ್ಣ ಮಾಡಿರುತ್ತಾರೆ.

ಇನ್ನೊಂದು ಯಾರೂ ಹೇಳದ ಮಾತು. ಯಾದಗಿರಿಯ ಬಿಸಿಲಲ್ಲಿ ಸಿಲಿಂಡರ್ ಹೊರಗೆ ಕಲ್ಲಿನ ಮೇಲೆ ಬಿದ್ದಿದೆ, ಪಿಸ್ಟನ್ ಒಳಗೆ ಡಬ್ಬಿಯಲ್ಲಿ ತಣ್ಣಗಿದೆ ಅನ್ನು. ಸಿಲಿಂಡರ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 70 ಮಿ.ಮೀ. ಬೀಡು ಕಬ್ಬಿಣದ ಬೋರ್ 0.015 ಮಿ.ಮೀ. ಹಿಗ್ಗಿರುತ್ತೆ. ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡಬೇಕಾದ ಸಂದು ಒಟ್ಟು ಇರೋದೇ ಸುಮಾರು 0.05 ಮಿ.ಮೀ. ಅದರಲ್ಲಿ ಮೂರನೇ ಒಂದು ಭಾಗ ಅಲ್ಲೇ ಸುಳ್ಳಾಯಿತು! ಹೋನಿಂಗ್, ಅಂದರೆ ಕೊರೆದ ಬೋರನ್ನು ಕಲ್ಲಿನಿಂದ ಉಜ್ಜೋದು, ಮುಗಿದ ಕೂಡಲೇ ಅಳೆದರೂ ಇದೇ ಕತೆ. ಎರಡನ್ನೂ ರಾತ್ರಿ ಒಂದೇ ಕಡೆ ಇಟ್ಟು ಬೆಳಿಗ್ಗೆ ಅಳೆ. ಓಡುವಾಗ ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತೆ, ಆದ್ದರಿಂದ ಬಿಗಿಯಾಗಿ ಕೂತರೆ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಪಿಸ್ಟನ್ ಮಾಡಿದವರು ಎಷ್ಟು ಸಂದು ಬರೆದಿದ್ದಾರೋ ಅಷ್ಟು ಬಿಡು.

ರಿಂಗನ್ನು ಖಾಲಿ ಬೋರಿನಲ್ಲಿ ನೇರವಾಗಿ ಕೂರಿಸಿ ತುದಿಗಳ ನಡುವೆ ಫೀಲರ್ ಗೇಜ್ ಹಾಕಿ ನೋಡು. ಬೋರಿನ 25 ಮಿ.ಮೀ.ಗೆ 0.1 ಮಿ.ಮೀ. ಅಂತ ಹಳೇ ಲೆಕ್ಕ, 70ಕ್ಕೆ 0.28 ಆಯಿತು. ತುದಿ ತಾಗಿದರೆ ರಿಂಗ್ ಬಿಸಿಯಾದಾಗ ಹೋಗೋಕೆ ಜಾಗ ಇಲ್ಲದೆ ಬೋರನ್ನೇ ಕೆರೆಯುತ್ತೆ.

ಹೊಗೆಯ ವಿಷಯ. ಹೋನಿಂಗ್ ಆದ ಸಿಲಿಂಡರನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದರೆ ಸಾಲದು. ಕಲ್ಲಿನ ಪುಡಿ ಗೀರುಗಳಲ್ಲಿ ಹಾಗೇ ಉಳಿಯುತ್ತೆ. ಬಿಸಿನೀರು, ಸೋಪಿನ ಪುಡಿ, ಬ್ರಷ್. ಪಾತ್ರೆ ತಿಕ್ಕಿದ ಹಾಗೆ ತಿಕ್ಕು. ಒರೆಸಿದ ಕೂಡಲೇ ಎಣ್ಣೆ ಹಚ್ಚು, ಇಲ್ಲಾಂದ್ರೆ ಕಣ್ಣೆದುರಿಗೇ ತುಕ್ಕು ಬರುತ್ತೆ. ಆಮೇಲೆ ಬಿಳಿ ಬಟ್ಟೆಯಿಂದ ಒರೆಸಿ ನೋಡು. ಬಟ್ಟೆ ಬೂದಿಯಾದರೆ ಮತ್ತೆ ತೊಳಿ. ನಾನು ಮೂರು ಸಲ ತೊಳೆದದ್ದೂ ಇದೆ, ಮನೆಯಲ್ಲಿ ಬೈಸಿಕೊಂಡದ್ದೂ ಇದೆ.

ಗಿರಾಕಿಗೆ ಗಾಡಿ ಕೊಡುವಾಗ '40ರ ಮೇಲೆ ಹೋಗಬೇಡ' ಅಂತಷ್ಟೇ ಹೇಳಿ ಕಳಿಸಬೇಡ. ಟಾಪ್ ಗೇರಿನಲ್ಲಿ 40ರಲ್ಲೇ ತೆವಳಿಸಿದರೆ ಎಂಜಿನ್ ಮೇಲೆ ಭಾರ ಬೀಳುತ್ತೆ. ಅರ್ಧ ಥ್ರಾಟಲ್‌ವರೆಗೆ ಎಳೆಸು, ಬಿಡು, ಮತ್ತೆ ಎಳೆಸು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡ ಅಂತ ಹೇಳು. ಮೊದಲ 50 ಕಿ.ಮೀ.ಗೆ ಆಯಿಲ್ ಬದಲಿಸು, ಆಮೇಲೆ 500ಕ್ಕೆ ಮತ್ತೊಮ್ಮೆ. ಆ ಮೊದಲ ಆಯಿಲ್ಲನ್ನು ಬಿಸಿಲಿಗೆ ಹಿಡಿದು ನೋಡು, ಲೋಹದ ಪುಡಿ ಮಿಣಮಿಣ ಅನ್ನುತ್ತೆ. ಅದನ್ನು ಗಿರಾಕಿಗೂ ತೋರಿಸು, ದುಡ್ಡು ಕೊಡೋಕೆ ತಕರಾರು ಮಾಡಲ್ಲ.

ಏರ್ ಫಿಲ್ಟರ್ ತೆಗೆದರೆ ಪಿಕಪ್ ಜಾಸ್ತಿ ಆಗುತ್ತಾ? ಹಿಂದೆ ಭಾರ ಇದ್ದಾಗ ಗಾಡಿ ಏಳೋದೇ ಇಲ್ಲ.
— ಕಲ್ಲಿನ ಪಾಲಿಶ್ ಕೆಲಸಗಾರ, ಶಹಾಬಾದ್

ನಿಮ್ಮೂರಲ್ಲಿ ಫಿಲ್ಟರ್ ತೆಗೆಯೋದಾ! ಪಾಲಿಶ್ ಯಂತ್ರದ ಮುಂದೆ ನಿಂತಾಗ ನೀವೇ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರಿ ಅಲ್ವಾ. ಕಲ್ಲಿನ ಧೂಳು ಆಯಿಲ್ ಜೊತೆ ಸೇರಿದರೆ ಅದೇ ಪಾಲಿಶ್ ಕೆಲಸ ಬೋರಿನೊಳಗೆ ನಡೆಯುತ್ತೆ. ತಿಂಗಳಿಗೊಮ್ಮೆ ಫಿಲ್ಟರ್ ನೋಡಿ, ಹಾಳಾಗಿದ್ದರೆ ಬದಲಿಸಿ.

ಭಾರ ಎಳೆಯೋಕೆ ಎಂಜಿನ್ ಬಿಚ್ಚೋದೇ ಬೇಡ. ಮುಂದಿನ ಸ್ಪ್ರಾಕೆಟ್ 14 ಹಲ್ಲಿನದಾಗಿದ್ದರೆ 13ರದ್ದು ಹಾಕಿಸಿ. ಹಿಂದಿನ ಚಕ್ರಕ್ಕೆ ಎಲ್ಲ ಗೇರಿನಲ್ಲೂ ಶೇಕಡ 7ಕ್ಕಿಂತ ಸ್ವಲ್ಪ ಹೆಚ್ಚು ಎಳೆತ ಸಿಗುತ್ತೆ. ಮೊದಲು 4000ದಲ್ಲಿ ಓಡುತ್ತಿದ್ದ ವೇಗಕ್ಕೆ ಈಗ ಸುಮಾರು 4300 ಬೇಕಾಗುತ್ತೆ, ಅಷ್ಟೇ ನಷ್ಟ. ಚೈನ್ ಹಳೇದಿದ್ದರೆ ಅದನ್ನೂ ಜೊತೆಗೇ ಬದಲಿಸಿ. ಹಿಗ್ಗಿದ ಚೈನ್ ಹೊಸ ಹಲ್ಲನ್ನು ನಾಲ್ಕೇ ತಿಂಗಳಲ್ಲಿ ತಿಂದುಹಾಕುತ್ತೆ.