ಪ್ರೊಬಯಾಟಿಕ್ ಕ್ಯಾಪ್ಸೂಲ್ ಹೆಪ್ಪಿಗೆ ಆಗುತ್ತದೆಯೇ?

ಪ್ರಶ್ನೆ: ಹೆಪ್ಪಿಗೆ ಮನೆಯಲ್ಲಿ ಮೊಸರಿರಲಿಲ್ಲ. ಬೇದಿಗೆಂದು ತಂದಿದ್ದ, ಒಳ್ಳೆಯ ಜೀವಾಣುಗಳಿರುವ ಪ್ರೊಬಯಾಟಿಕ್ ಕ್ಯಾಪ್ಸೂಲ್ ಎರಡನ್ನು ಬಿಡಿಸಿ, ಅರ್ಧ ಲೀಟರ್ ಉಗುರುಬೆಚ್ಚಗಿನ ಹಾಲಿಗೆ ಕಲಸಿಟ್ಟೆ. ಬೆಳಿಗ್ಗೆ ನೋಡಿದರೆ ಹಾಲು ಹಾಗೇ ಇದೆ, ಏನೋ ವಾಸನೆ ಬೇರೆ. ತಪ್ಪಿದ್ದೆಲ್ಲಿ? ಆ ಹಾಲನ್ನು ಚೆನ್ನಾಗಿ ಕುದಿಸಿ ಪಾಯಸಕ್ಕೆ ಬಳಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪಾಯಸದ ವಿಷಯ ಮೊದಲು. ದಯವಿಟ್ಟು ಬಳಸಬೇಡಿ, ಚೆಲ್ಲಿಬಿಡಿ. ಹೆಪ್ಪು ಹಾಕಿದ ಹಾಲನ್ನು ಕಾಯುವುದು ಅದರ ಹುಳಿ. ರಾತ್ರಿಯಿಡೀ ಬೆಚ್ಚಗಿದ್ದೂ ಹುಳಿಯಾಗಲಿಲ್ಲವೆಂದರೆ ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ಒಳ್ಳೆಯ ಹೊಲ. ಕುದಿಸಿದರೆ ಅವು ಸತ್ತರೂ, ಕೆಲವು ಜಾತಿಗಳು ಹಾಲಿಗೆ ಬಿಟ್ಟ ವಿಷ ಕುದಿತಕ್ಕೂ ಜಗ್ಗುವುದಿಲ್ಲ.

ಇನ್ನು, ಕ್ಯಾಪ್ಸೂಲಿನ ಸ್ಟ್ರಿಪ್ ತಿರುಗಿಸಿ ಹೆಸರುಗಳನ್ನು ಓದಿ. ಪ್ರೊಬಯಾಟಿಕ್ ಎಂದ ಮಾತ್ರಕ್ಕೆ ಎಲ್ಲವೂ ಹಾಲನ್ನು ಹೆಪ್ಪುಗಟ್ಟಿಸುವುದಿಲ್ಲ. ಬೇದಿಗೆ ಕೊಡುವ ಕ್ಯಾಪ್ಸೂಲುಗಳಲ್ಲಿ ಹೆಚ್ಚಾಗಿ ಕಾಣುವ ‘ಸ್ಯಾಕರೋಮೈಸಿಸ್ ಬೌಲಾರ್ಡಿ’ ಒಂದು ಯೀಸ್ಟ್. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅದಕ್ಕೆ ದಕ್ಕದು. ಎಷ್ಟು ಹೊತ್ತು ಇಟ್ಟರೂ ಅದರಿಂದ ಮೊಸರಾಗದು. ‘ಬ್ಯಾಸಿಲಸ್ ಕ್ಲಾಸಿ’ ಕೂಡ ಹೆಪ್ಪಿನ ಜಾತಿಯದಲ್ಲ. ಹೆಚ್ಚು ಜನ ಮೋಸಹೋಗುವುದು ‘ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್’ ಎಂಬ ಹೆಸರಿಗೆ. ನಮ್ಮಲ್ಲಿ ಆಂಟಿಬಯಾಟಿಕ್ ಮಾತ್ರೆಯ ಜೊತೆಗೇ ಸೇರಿಸಿ ಕೊಡುವುದುಂಟು. ಅದು ‘ಬ್ಯಾಸಿಲಸ್ ಕೊಯಾಗ್ಯುಲನ್ಸ್’. 1915ರಲ್ಲಿ ಅಮೆರಿಕದ ಅಯೋವಾದಲ್ಲಿ, ಡಬ್ಬಿಯೊಳಗೆ ಗಟ್ಟಿಗಟ್ಟಿದ ಹಾಲಿನಲ್ಲಿ ಅದನ್ನು ಮೊದಲು ಗುರುತಿಸಿದ್ದು, ಹೆಸರೂ ಅದರಿಂದಲೇ ಬಂತು. ಆದರೆ ಕ್ಯಾಪ್ಸೂಲಿನಲ್ಲಿರುವುದು ಅದರ ಬೀಜಕಣ. ಮೊಳೆತು ಕೆಲಸಕ್ಕಿಳಿಯಲು ಸಮಯ ಬೇಕು, ಅಡುಗೆಮನೆಯ ಬಿಸಿಯಲ್ಲಿ ಅದನ್ನು ನೆಚ್ಚಿ ಕೂರಲಾಗದು.

ಬೇಕಾದ ಹೆಸರುಗಳು ಎರಡು: ‘ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್’, ‘ಲ್ಯಾಕ್ಟೊಬ್ಯಾಸಿಲಸ್ ಬಲ್ಗಾರಿಕಸ್’. ಇವುಗಳಲ್ಲಿ ಒಂದಾದರೂ ಇರುವ ಕ್ಯಾಪ್ಸೂಲ್ ಆರಿಸಿ. ಬರೀ ‘ಅಸಿಡೋಫಿಲಸ್’ ಇದ್ದರೂ ಆಗುತ್ತದೆ, ಆದರೆ ಹಾಲಿನ ಪ್ರೋಟೀನನ್ನು ಒಡೆದು ತಿನ್ನುವುದರಲ್ಲಿ ಅದು ಮಂದ, ಹಾಗಾಗಿ ನಿಧಾನ.

ಒಂದು ಲೀಟರಿಗೆ ಲೆಕ್ಕ ಹೀಗೆ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತ ಕಾಯಿಸಿ. 85 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯದಿದ್ದರೆ ಸಾಕು. ಆ ಬಿಸಿಗೆ ಹಾಲೊಡಕಿನ ಪ್ರೋಟೀನು ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಅಂಟುತ್ತದೆ, ಮೊಸರು ನೀರೊಡೆಯದೆ ಗಟ್ಟಿಯಾಗುವುದು ಅದರಿಂದಲೇ. 40–42 ಡಿಗ್ರಿಗೆ ಆರಿಸಿ. ಬೆರಳದ್ದಿ ನೋಡುವ ಅಭ್ಯಾಸ ಮೊಸರಿನ ಹೆಪ್ಪಿಗೆ ಸರಿ, ಇಲ್ಲಿ ಥರ್ಮಾಮೀಟರ್ ಇರಲಿ; ಹಾಲು ತುಂಬ ಬಿಸಿಯಿದ್ದರೆ ಪುಡಿಯಲ್ಲಿನ ಜೀವಾಣುಗಳು ಸಾಯಬಹುದು. ಒಂದರಲ್ಲಿ 1000 ಕೋಟಿ ಜೀವಾಣು ಎಂದು ಬರೆದಿರುವ ಕ್ಯಾಪ್ಸೂಲ್ ಎರಡು ಸಾಕು. ಹಳೆಯದಾದರೆ ಮೂರು. ಪ್ರತಿ ಮಿಲಿಲೀಟರಿಗೆ ಸುಮಾರು ಎರಡು ಕೋಟಿ ಬೀಳಲೆಂದು ಈ ಲೆಕ್ಕ. ಹೊರಕವಚವನ್ನು ಹಾಕಬೇಡಿ, ಹೊಟ್ಟೆಯ ಆಮ್ಲಕ್ಕೂ ಕರಗದಂತೆ ಮಾಡಿದ ಕವಚಗಳಿವೆ. ಪುಡಿಯನ್ನು ಎರಡು ಚಮಚ ಹಾಲಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ಹಾಲಿಗೆ ಬೆರೆಸಿ. ಗಟ್ಟಿ ಬೇಕೆಂದರೆ ಕಾಯಿಸುವ ಮೊದಲೇ 30 ಗ್ರಾಂ ಹಾಲಿನಪುಡಿ ಸೇರಿಸಿ.

ಮುಖ್ಯವಾದ ವ್ಯತ್ಯಾಸ ಹೊತ್ತಿನದು. ತಾಜಾ ಮೊಸರಿನ ಒಂದು ಚಮಚದಲ್ಲೂ ನೂರಾರು ಕೋಟಿ ಜೀವಾಣುಗಳಿರುತ್ತವೆ, ಎಚ್ಚರವಾಗಿಯೇ. ಕ್ಯಾಪ್ಸೂಲಿನವು ಒಣಗಿಸಿ ಮಲಗಿಸಿದವು, ಏಳಲು ಕೆಲವು ಗಂಟೆ ತೆಗೆದುಕೊಳ್ಳುತ್ತವೆ. ಮೊಸರಿಗೆ ಐದಾರು ಗಂಟೆ ಸಾಕಾದಲ್ಲಿ ಇದಕ್ಕೆ 10ರಿಂದ 14 ಗಂಟೆ. ಅಷ್ಟೂ ಹೊತ್ತು ಬಿಸಿ ಇಳಿಯಬಾರದು. ಹಾಟ್‌ಬಾಕ್ಸಿನಲ್ಲಿಟ್ಟು ಕಂಬಳಿ ಸುತ್ತಿ, ಚಳಿಗಾಲವಾದರೆ ಪಕ್ಕದಲ್ಲಿ ಬಿಸಿನೀರಿನ ಬಾಟಲಿಯಿರಲಿ. ಪಾತ್ರೆ ಅಲುಗಾಡಿಸಬೇಡಿ. 18 ಗಂಟೆಯಾದರೂ ಹೆಪ್ಪುಗಟ್ಟಿ ಹುಳಿ ಪರಿಮಳ ಬರದಿದ್ದರೆ ಚೆಲ್ಲಿ. ಗುಲಾಬಿ ಬಣ್ಣ, ಬೂಷ್ಟು, ಕೊಳೆತ ವಾಸನೆ ಕಂಡರೆ ರುಚಿಯನ್ನೂ ನೋಡಬೇಡಿ.

ಪ್ರಶ್ನೆ: ಕ್ಯಾಪ್ಸೂಲಿನಿಂದ ಮೊಸರು ಆಯಿತು, ಆದರೆ ಲೋಳೆ ಲೋಳೆಯಾಗಿ ಚಮಚಕ್ಕೆ ನೂಲಿನಂತೆ ಎಳೆಯುತ್ತದೆ. ತಿನ್ನಬಹುದೇ? ಅದನ್ನೇ ಮುಂದಿನ ಸಲ ಹೆಪ್ಪಿಗೆ ಹಾಕಿದರೆ ಕ್ಯಾಪ್ಸೂಲಿನ ಗುಣವೆಲ್ಲ ಉಳಿಯುತ್ತದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ವಾಸನೆ ಶುದ್ಧ ಹುಳಿಯದಾಗಿದ್ದರೆ ತಿನ್ನಬಹುದು. ಕೆಲವು ತಳಿಗಳು ತಮ್ಮ ಸುತ್ತ ಸಕ್ಕರೆಯ ಉದ್ದನೆ ಸರಪಳಿ ನೇಯುತ್ತವೆ, ಲೋಳೆ ಅದರದ್ದು. ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಟ್ಟು ಕಡೆದರೆ ಎಳೆ ಕಡಿಮೆಯಾಗುತ್ತದೆ. ಕಹಿ ಅಥವಾ ಮುಗ್ಗಲು ವಾಸನೆ ಇದ್ದರೆ ಮಾತ್ರ ಬಿಟ್ಟುಬಿಡಿ.

ಮುಂದಿನ ಹೆಪ್ಪಿಗೆ ಒಂದು ಲೀಟರಿಗೆ ಎರಡು ಚಮಚ ಹಾಕಿ, ಈ ಸಲ ಬೇಗ ಆಗುತ್ತದೆ. ಗುಣ ಹಾಗೇ ಉಳಿಯುವುದಿಲ್ಲ. ಹಾಲಿನಲ್ಲಿ ವೇಗವಾಗಿ ಬೆಳೆಯುವ ತಳಿ ಮಿಕ್ಕವನ್ನು ಹಿಂದೆ ಹಾಕುತ್ತದೆ. ಕೆಲವು ಕ್ಯಾಪ್ಸೂಲುಗಳಲ್ಲಿರುವ ಬೈಫಿಡೋ ಎಂಬ ಬ್ಯಾಕ್ಟೀರಿಯಾ ಜಾತಿಗೆ ಗಾಳಿಯೇ ಆಗದು, ಅದು ಮೊದಲ ಸರದಿಯಲ್ಲೇ ಸೊರಗುತ್ತದೆ. ಮೂರು ನಾಲ್ಕು ಸಲವಾದ ಮೇಲೆ ಸ್ಟ್ರಿಪ್ಪಿನ ಮೇಲಿನ ಸಂಖ್ಯೆಗೂ ನಿಮ್ಮ ಬಟ್ಟಲಿಗೂ ಸಂಬಂಧವಿರದು. ವೈದ್ಯರು ಔಷಧವಾಗಿ ಹೇಳಿದ್ದರೆ ಕ್ಯಾಪ್ಸೂಲನ್ನು ನುಂಗಿಯೇ ಬಿಡಿ. ಊಟಕ್ಕೆ ಮೊಸರು ಬೇಕೆಂದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುವುದು ಅಗ್ಗ, ನಂಬಿಕಸ್ಥ. ಕೀಮೋಥೆರಪಿಯಲ್ಲಿರುವವರು, ಅವಧಿಗೆ ಮೊದಲೇ ಹುಟ್ಟಿದ ಹಸುಗೂಸುಗಳು ಇರುವ ಮನೆಯಲ್ಲಿ ಅವರಿಗೆ ಈ ಪ್ರಯೋಗದ ಮೊಸರು ಕೊಡಲೇಬೇಡಿ.