ಕೋಳಿ ಅಟ್ಟುವ ಸಿಂಬನನ್ನು ಕೊಟ್ಟುಬಿಡಬೇಕೇ?

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ:

"ಬೆಂಗಳೂರಿನ ಕೆಲಸ ಬಿಟ್ಟು ನಾವು ಊರಿನ ಮನೆಗೆ ಬಂದಿದ್ದೇವೆ. ಜೊತೆಗೆ ಸಿಂಬನೂ ಬಂದ. ಒಂದೂವರೆ ವರ್ಷದ ಬಾರ್ಡರ್ ಕೋಲಿ. ಫ್ಲ್ಯಾಟಿನಲ್ಲೇ ಬೆಳೆದವನು, ಮಕ್ಕಳಿಗೆ ಪ್ರಾಣ. ಇಲ್ಲಿ ಅತ್ತೆಯವರ ನಾಟಿ ಕೋಳಿಗಳಿವೆ. ಬೆಳಿಗ್ಗೆಯಿಂದ ಸಂಜೆ ತನಕ ಸಿಂಬನಿಗೆ ಅವುಗಳ ಹಿಂದೆಯೇ ಕೆಲಸ. ನೆಲಕ್ಕೆ ಬಗ್ಗಿ ದಿಟ್ಟಿಸುತ್ತಾನೆ, ಸುತ್ತು ಹಾಕುತ್ತಾನೆ, ಮೂಲೆಗೆ ಒತ್ತುತ್ತಾನೆ. ಮೊಟ್ಟೆ ಕಡಿಮೆಯಾಗಿದೆ. ಹೋದ ತಿಂಗಳು ಒಂದು ಹೇಂಟೆ ಸತ್ತೇಹೋಯಿತು. ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ರಕ್ತದ ರುಚಿ ಹತ್ತಿದೆ, ಇನ್ನು ಬಿಡಲ್ಲ, ಸತ್ತ ಕೋಳಿಯನ್ನು ಅವನ ಕುತ್ತಿಗೆಗೆ ಕಟ್ಟಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಮ್ಮ ಯಜಮಾನರು ಶಾಕ್ ಕೊಡುವ ಬೆಲ್ಟ್ ತರಿಸುತ್ತೇನೆ ಅನ್ನುತ್ತಿದ್ದಾರೆ. ಅತ್ತೆ ಮಾತು ಬಿಟ್ಟಿದ್ದಾರೆ. ಕುರಿಮಂದೆಯ ನಾಯಿ ಅಲ್ವಾ, ಕೋಳಿಗಳನ್ನೂ ಕಾಯುತ್ತದೆ ಅಂದುಕೊಂಡಿದ್ದೆವು. ಈಗ ಅವನನ್ನು ಯಾರಿಗಾದರೂ ಕೊಟ್ಟುಬಿಡಬೇಕೇ?"

ಸಂಪಾದಕರ ಉತ್ತರ:

ಕೊಡಬೇಕಾಗಿಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟೇ ತರಬೇತಿ ಕೊಟ್ಟರೂ, ಎಷ್ಟೇ ವರ್ಷ ಕಳೆದರೂ, ಯಾರೂ ನೋಡಿಕೊಳ್ಳದೆ ಸಿಂಬನನ್ನು ಕೋಳಿಗಳ ಜೊತೆ ಬಿಡುವ ಆಸೆ ಇಟ್ಟುಕೊಳ್ಳಬೇಡಿ. ನೀವು ಎದುರಿಗಿದ್ದಾಗ ಅವನು ಕೋಳಿಗಳನ್ನು ಕಂಡೂ ಸುಮ್ಮನಿರುವಂತೆ ಮಾಡಬಹುದು. ನೀವಿಲ್ಲದಾಗ ಬೇಲಿಯೇ ಗತಿ. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ನಿಮ್ಮ ಮನೆಯಲ್ಲಿ ನಾಯಿಯೂ ಇರುತ್ತದೆ, ಕೋಳಿಯೂ ಇರುತ್ತದೆ.

ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕುರಿಮಂದೆಯ ಜೊತೆ ಕೆಲಸ ಮಾಡುವ ನಾಯಿಗಳಲ್ಲಿ ಎರಡು ಬಗೆ. ಮಂದೆಯನ್ನು ಕಾಯುವುದು ಒಂದು, ಅಟ್ಟುವುದು ಇನ್ನೊಂದು. ನಮ್ಮ ಕುರುಬರ ಮಂದೆಯ ಜೊತೆ ತೋಳ ಕಾಯುತ್ತಾ ಬರುವ ನಾಯಿ ಮೊದಲನೆಯದು. ಅಲ್ಲಿ ಕುರಿ ಹೊಡೆಯುವುದು ಕುರುಬನ ಕೋಲು ಮತ್ತು ಕೂಗು. ಕಾಶ್ಮೀರದ ಬಕರ್‌ವಾಲ್, ಇಟಲಿಯ ಮರೆಮ್ಮಾ ಕೂಡ ಕಾಯುವ ನಾಯಿಗಳೇ. ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನ ಪಕ್ಕ ಮಿಡಲ್ ಐಲೆಂಡ್ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿನ ಚಿಕ್ಕ ಪೆಂಗ್ವಿನ್‌ಗಳನ್ನು ನರಿಗಳು ತಿಂದು ಮುಗಿಸಿ, 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. ಅದೇ ಊರಿನ ಒಬ್ಬ ಕೋಳಿ ರೈತ ತನ್ನ ಬಯಲು ಕೋಳಿಗಳನ್ನು ಮರೆಮ್ಮಾಗಳಿಂದಲೇ ಕಾಯಿಸುತ್ತಿದ್ದ. ಅವನ ಸಲಹೆಯ ಮೇಲೆ 2006ರಲ್ಲಿ ಆ ನಾಯಿಗಳನ್ನು ದ್ವೀಪಕ್ಕೆ ಬಿಟ್ಟರು. ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ಹಕ್ಕಿ ಕಾಯುವ ನಾಯಿ ಇದೆ, ನಿಜ. ಆದರೆ ಸಿಂಬ ಆ ಬಗೆಯವನಲ್ಲ.

ಬಾರ್ಡರ್ ಕೋಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳ ನಾಯಿ. ಇವತ್ತಿನ ಬಾರ್ಡರ್ ಕೋಲಿಗಳ ವಂಶ ಹಿಡಿದು ಹಿಂದಕ್ಕೆ ಹೋದರೆ 1893ರಲ್ಲಿ ನಾರ್ತಂಬರ್‌ಲ್ಯಾಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಒಂದು ಗಂಡುನಾಯಿ ಸಿಗುತ್ತದೆ. ಬೊಗಳದೆ, ಕಚ್ಚದೆ, ಬರೀ ನೋಟದಲ್ಲೇ ಕುರಿಗಳನ್ನು ಸರಿಸುತ್ತಿದ್ದ ನಾಯಿ ಅದು. ಜನ ಆ ಗುಣವನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು.

ಈಗ ನಿಮ್ಮ ಅಂಗಳದಲ್ಲಿ ಸಿಂಬನನ್ನು ಗಮನಿಸಿ. ತಲೆ ಭುಜಕ್ಕಿಂತ ಕೆಳಗೆ. ಬಾಲ ಅಲ್ಲಾಡುವುದಿಲ್ಲ, ಹಿಂಗಾಲುಗಳ ನಡುವೆ ಇಳಿಬಿದ್ದಿರುತ್ತದೆ. ಒಂದು ಮುಂಗಾಲು ಅರ್ಧ ಎತ್ತಿದ್ದು ಹಾಗೇ ನಿಂತಿರುತ್ತದೆ. ಕಣ್ಣು ಮಿಟುಕಿಸುವುದೂ ಕಡಿಮೆ. ಹೆಸರು ಕರೆದರೆ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗುತ್ತದೆ, ಮುಖ ತಿರುಗುವುದಿಲ್ಲ. ಕೋಳಿ ಕೆದಕುವುದು ನಿಲ್ಲಿಸಿ ಕತ್ತು ಉದ್ದ ಮಾಡುತ್ತದೆ. ಅದು ರೆಕ್ಕೆ ಬಡಿದು ಓಡಿದ ಕ್ಷಣ ಇವನೂ ಬಾಣ.

ಇದು ತೋಳದ ಬೇಟೆಯ ಮೊದಲ ಭಾಗ. ಗುರಿ ನೋಡುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಎಂಬ ಸರಣಿಯಲ್ಲಿ ಕೋಲಿ ನಾಯಿಗೆ ಮೊದಲ ಮೆಟ್ಟಿಲುಗಳು ಬಲವಾಗಿ ಉಳಿದಿವೆ, ಕೊನೆಯವು ಸಡಿಲವಾಗಿವೆ. ಸಡಿಲವಾಗಿವೆ ಅಷ್ಟೇ, ಹೋಗಿಲ್ಲ. ಈ ಗುಣ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಜೋರಾಗಿ ಎದ್ದು ಬರುತ್ತದೆ. ಫ್ಲ್ಯಾಟಿನಲ್ಲಿ ಅಟ್ಟಲು ಏನೂ ಇರಲಿಲ್ಲ, ನಿಮಗೆ ಗೊತ್ತಾಗಲಿಲ್ಲ.

ಇನ್ನೊಂದು ತೊಡಕು ಕೋಳಿಯದ್ದೇ. ಕುರಿ ಹೆದರಿದರೆ ಗುಂಪಾಗುತ್ತದೆ. ಬಾತುಕೋಳಿಯೂ ಹಾಗೇ. ಅದಕ್ಕೇ ಬ್ರಿಟನ್ನಿನಲ್ಲಿ ಎಳೆಯ ಕೋಲಿಗಳಿಗೆ ಪಾಠ ಹೇಳಲು ರನ್ನರ್ ಬಾತುಗಳನ್ನು ಬಳಸುವುದುಂಟು. ಕೋಳಿ ಮಾತ್ರ ಹೆದರಿದರೆ ದಿಕ್ಕಿಗೊಂದರಂತೆ ಹಾರುತ್ತದೆ. ಗುಂಪು ಸೇರಿಸಿದರೆ ಸಿಂಬನ ಕೆಲಸ ಮುಗಿಯುತ್ತದೆ, ಆದರೆ ಗುಂಪು ಸೇರುವುದೇ ಇಲ್ಲ. ಹೀಗಾಗಿ ಅವನ ಉದ್ವೇಗ ಏರುತ್ತಲೇ ಹೋಗುತ್ತದೆ. ಕೊನೆಗೆ ಒಂದೇ ಹೇಂಟೆಯ ಹಿಂದೆ ಬಿದ್ದು, ಮೂಲೆಯಲ್ಲಿ ಒತ್ತಿ, ಬಾಯಲ್ಲಿ ಅದುಮಿ ಹಿಡಿಯುತ್ತಾನೆ. ಗಾಯವಿಲ್ಲದೆಯೂ ಕೋಳಿ ಆ ಆಘಾತಕ್ಕೇ ಸಾಯಬಹುದು. ನಿಮ್ಮ ಮನೆಯಲ್ಲಿ ಆಗಿದ್ದೂ ಇದೇ ಇರಬೇಕು. ಮೊಟ್ಟೆ ಕಡಿಮೆಯಾಗಿದ್ದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ. ದಿನವಿಡೀ ಹೆದರಿಕೊಂಡ ಕೋಳಿ ಸರಿಯಾಗಿ ಮೇಯುವುದಿಲ್ಲ, ಗೂಡಲ್ಲಿ ಕೂರುವುದಿಲ್ಲ.

ಹಾಗಾಗಿ ರಕ್ತದ ರುಚಿಯ ಮಾತನ್ನು ತಲೆಯಿಂದ ತೆಗೆದುಹಾಕಿ. ಅವನಿಗೆ ಹತ್ತಿರುವುದು ಓಟದ ರುಚಿ. ಅಟ್ಟುವುದೇ ಅವನಿಗೆ ಬಹುಮಾನ, ನೀವು ಬಿಸ್ಕತ್ತು ಕೊಡಬೇಕಾಗಿಯೇ ಇಲ್ಲ. ಪ್ರತಿ ಓಟವೂ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಇವತ್ತೇ ನಿಲ್ಲಿಸಿ ಎಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕೇ.

ಸತ್ತ ಕೋಳಿಯನ್ನು ಕುತ್ತಿಗೆಗೆ ಕಟ್ಟುವುದು ದಯವಿಟ್ಟು ಬೇಡ. ಅಟ್ಟಿದ್ದಕ್ಕೂ ಆ ಕೊಳೆತ ನಾತಕ್ಕೂ ಇರುವ ಸಂಬಂಧ ನಾಯಿಗೆ ಹೊಳೆಯುವುದಿಲ್ಲ. ಅದಕ್ಕೆ ಹಿಂಸೆ, ಮನೆಗೆ ಸೋಂಕು, ಅಷ್ಟೇ ಫಲ. ಶಾಕ್ ಬೆಲ್ಟ್ ಬಗ್ಗೆ ಯಜಮಾನರಿಗೆ ನನ್ನ ಪರವಾಗಿ ಹೇಳಿ: ಬ್ರಿಟನ್ನಿನಲ್ಲಿ ದಾಖಲಾದ ಮೊದಲ ಕುರಿನಾಯಿ ಸ್ಪರ್ಧೆ 1873ರಲ್ಲಿ ನಡೆದಿದ್ದು ವೇಲ್ಸ್‌ನ ಬಾಲಾ ಊರಿನಲ್ಲಿ. ಅದೇ ವೇಲ್ಸ್ 2010ರಲ್ಲಿ ಶಾಕ್ ಬೆಲ್ಟನ್ನು ನಿಷೇಧಿಸಿತು. ಶಾಕ್ ಹೊಡೆದ ಕ್ಷಣದಲ್ಲಿ ನಾಯಿಯ ಕಣ್ಣೆದುರು ಏನಿತ್ತೋ ಅದರ ಮೇಲೆ ಭಯವೋ ಸಿಟ್ಟೋ ಕೂರುತ್ತದೆ. ಅಲ್ಲಿದ್ದದ್ದು ಕೋಳಿಯೇ ಆಗಬೇಕೆಂದಿಲ್ಲ. ಓಡಿಬಂದ ನಿಮ್ಮ ಮಗುವೂ ಆಗಬಹುದು.

ಈಗ ಬೇಲಿ. ಕೋಳಿಗಳನ್ನು ಕೂಡಿಹಾಕಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವು ಆ ಮನೆಗೆ ನಿಮಗಿಂತ ಮೊದಲೇ ಬಂದವು. ಹಿತ್ತಲು, ಗೊಬ್ಬರಗುಂಡಿ, ಕೊಟ್ಟಿಗೆಯ ಹಿಂಭಾಗ ಅವುಗಳ ಪಾಲಿಗೇ ಇರಲಿ. ಬೇಲಿ ಹಾಕಬೇಕಾದದ್ದು ಸಿಂಬನ ಜಾಗಕ್ಕೆ, ಮನೆ ಮುಂದಿನ ಅಂಗಳಕ್ಕೆ. ಐದಡಿ ಎತ್ತರ ಬೇಕು, ಕೋಲಿ ಚೆನ್ನಾಗಿ ಹಾರುತ್ತದೆ. ಬರೀ ಜಾಲರಿ ಹಾಕಿ ಬಿಡಬೇಡಿ. ಜಾಲರಿಯ ಆಚೆ ಕೋಳಿ ಕಾಣುತ್ತಿದ್ದರೆ ಅವನು ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲೇ ದಿಟ್ಟಿಸುತ್ತಾ, ಬೇಲಿಯುದ್ದಕ್ಕೂ ಓಡುತ್ತಾ ಇರುತ್ತಾನೆ. ಕೆಳಗಿನ ಮೂರಡಿಗೆ ಅಡಿಕೆ ದಬ್ಬೆಯನ್ನು ಒತ್ತೊತ್ತಾಗಿ ಕಟ್ಟಿ, ಇಲ್ಲವೇ ಶೇಡ್ ನೆಟ್ ಹೊದಿಸಿ. ನಾಟಿ ಕೋಳಿ ಹಾರಿ ಈಚೆ ಬರಬಹುದು. ಅದಕ್ಕೆಂದು ರೆಕ್ಕೆ ಕತ್ತರಿಸಲು ಹೋಗಬೇಡಿ, ಮುಂಗುಸಿ ಬಂದಾಗ ಮರ ಹತ್ತಲು ಅವಕ್ಕೆ ಅದೇ ದಾರಿ. ಅಂಗಳದಲ್ಲಿ ಕಾಳು ಚೆಲ್ಲದಿದ್ದರೆ ಸಾಕು, ಅವು ಬರುವುದು ತಾನಾಗಿ ಕಡಿಮೆಯಾಗುತ್ತದೆ.

ಬೇಲಿ ಏಳುವ ತನಕ ಸಿಂಬ ಹೊರಗೆ ಬಂದರೆ ಹಗ್ಗದಲ್ಲೇ ಇರಲಿ. ಇಪ್ಪತ್ತು ಅಡಿಯ ಹಗುರ ಹಗ್ಗ ಸಾಕು, ತುದಿ ನಿಮ್ಮ ಕೈಯಲ್ಲಿರಲಿ. ರಾತ್ರಿ ಮಾತ್ರ ಮನೆಯೊಳಗೇ ಮಲಗಿಸಿ. ನಿಮ್ಮ ಕಡೆ ಚಿರತೆ ನಾಯಿಯನ್ನು ಹೊತ್ತೊಯ್ಯುವುದು ಹೊಸದೇನಲ್ಲ.

ತರಬೇತಿಗೆ ಒಳ್ಳೆಯ ಹೊತ್ತು ಸಂಜೆ, ಕೋಳಿಗಳು ಗೂಡು ಸೇರುವ ಸಮಯ. ಅವು ಮಂದವಾಗಿರುತ್ತವೆ, ಹಾರಾಟ ಕಡಿಮೆ. ಹಗ್ಗ ಹಿಡಿದು ಸಿಂಬನನ್ನು ದೂರದಲ್ಲಿ ನಿಲ್ಲಿಸಿ. ಎಷ್ಟು ದೂರ ಎಂದು ಅಡಿ ಲೆಕ್ಕದಲ್ಲಿ ಹೇಳಲಾಗದು. ನಿಮ್ಮ ಕೈಯಲ್ಲಿ ಬೇಯಿಸಿದ ಲಿವರಿನ ಸಣ್ಣ ಚೂರು ಇರಲಿ. ಕೋಳಿ ಕಾಣುತ್ತಿರುವಾಗಲೂ ಅದನ್ನು ತಿಂದರೆ ದೂರ ಸರಿಯಾಗಿದೆ. ಮೂಸಿಯೂ ನೋಡದೆ ಕೋಳಿಯನ್ನೇ ದಿಟ್ಟಿಸುತ್ತಿದ್ದರೆ ತುಂಬ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಅವನು ಕೋಳಿ ನೋಡಲಿ. ನೋಡಿದ ತಕ್ಷಣ, ದೇಹ ಬಗ್ಗುವ ಮೊದಲು, ಮೆಲ್ಲಗೆ ಹೆಸರು ಕರೆಯಿರಿ. ಮುಖ ನಿಮ್ಮ ಕಡೆ ತಿರುಗಿದರೆ "ಭೇಷ್" ಅಂದು ಚೂರು ಕೊಡಿ. ಹತ್ತು ನಿಮಿಷ ಸಾಕು. ಕೆಲವು ದಿನಗಳಾದ ಮೇಲೆ ನೀವು ಕರೆಯದಿದ್ದರೂ ಅವನೇ ಕೋಳಿ ಕಂಡೊಡನೆ ನಿಮ್ಮ ಮುಖ ನೋಡಲು ಶುರು ಮಾಡುತ್ತಾನೆ. ಅದು ಶುರುವಾದ ಮೇಲೆ ಒಂದೆರಡು ಹೆಜ್ಜೆ ಹತ್ತಿರ ಹೋಗಿ. ಅವಸರ ಬೇಡ, ವಾರಗಳು ಹಿಡಿಯುತ್ತವೆ.

ಜೊತೆಗೆ ಎರಡು ಆಜ್ಞೆ ಕಲಿಸಿ. ಒಂದು "ಮಲಗು". ಕುರಿ ಕಾಯುವವರು ಎಷ್ಟು ವೇಗದಲ್ಲಿ ಓಡುತ್ತಿರುವ ಕೋಲಿಯನ್ನೂ "ಲೈ ಡೌನ್" ಎಂದು ಇದ್ದಲ್ಲೇ ಮಲಗಿಸುತ್ತಾರೆ. ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಕೋಳಿಗಳ ಎದುರು. ಇನ್ನೊಂದು "ಸಾಕು". ಕೆಲಸ ಮುಗಿಯಿತು, ನನ್ನ ಹತ್ತಿರ ಬಾ ಎಂದರ್ಥ. ಕೋಲಿಗೆ ತಾನಾಗಿ ನಿಲ್ಲಿಸುವುದು ಕಷ್ಟ. ಯಾರಾದರೂ ನಿಲ್ಲಿಸು ಎಂದರೆ ಅದಕ್ಕೂ ನಿರಾಳ.

ಕೂಗಾಡುತ್ತಾ ಅವನ ಹಿಂದೆ ಓಡಬೇಡಿ. ನೀವೂ ಬೇಟೆಗೆ ಸೇರಿಕೊಂಡಿರಿ ಅಂತಲೇ ಅವನಿಗನ್ನಿಸುತ್ತದೆ. ಮಕ್ಕಳಿಗೂ ಇದನ್ನು ಹೇಳಿ. ಕೋಳಿಗಳ ಹತ್ತಿರ ಮಕ್ಕಳು ಕಿರುಚಿ ಓಡಿದರೆ ಅವನು ಮಕ್ಕಳನ್ನೇ ಸುತ್ತುಗಟ್ಟಿ ಹಿಮ್ಮಡಿಗೆ ಬಾಯಿ ಹಾಕಬಹುದು. ಸಿಟ್ಟಿನಿಂದಲ್ಲ, ಗುಂಪು ಸೇರಿಸಲು. ಆದರೂ ಹಲ್ಲು ಹಲ್ಲೇ.

ಅವನ ತಲೆಗೆ ಕೆಲಸ ಕೊಡದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನ ಕಡಿಮೆ. ಸುಮ್ನೆ ಕಟ್ಟಿಹಾಕಿದ ಕೋಲಿ ನೆರಳು ಅಟ್ಟುತ್ತದೆ, ಬೈಕು ಅಟ್ಟುತ್ತದೆ. ಬೆಳಿಗ್ಗೆ ತೋಟದ ಸುತ್ತ ಹಗ್ಗದಲ್ಲಿ ಒಂದು ದೊಡ್ಡ ಸುತ್ತು ಹೋಗಿ. ಊಟವನ್ನು ತಟ್ಟೆಗೆ ಹಾಕುವ ಬದಲು ಒಣಹುಲ್ಲಿನಲ್ಲಿ ಚೆಲ್ಲಿ ಹುಡುಕಿಸಿ. ಮಕ್ಕಳು ವಸ್ತು ಬಚ್ಚಿಡಲಿ, ಅವನು ಮೂಸಿ ತರಲಿ. ಹೊಸ ವಸ್ತುಗಳ ಹೆಸರು ಕಲಿಸಿ, ಬೇಗ ಕಲಿಯುತ್ತಾನೆ. ಹಸು ಹೊಡೆಯಲು ಮಾತ್ರ ಬಿಡಬೇಡಿ, ತರಬೇತಿಯಿಲ್ಲದ ನಾಯಿಗೆ ಒಂದು ಒದೆ ಸಾಕು ದವಡೆ ಮುರಿಯಲು.

ಪಕ್ಕದ ಮನೆಯ ಕಂತ್ರಿನಾಯಿಯ ಮೈಮೇಲೆ ಕೋಳಿಮರಿ ಹತ್ತಿದರೂ ಅದು ಸುಮ್ಮನಿರುತ್ತದಲ್ಲ ಎಂದು ನಿಮ್ಮ ಅತ್ತೆ ಕೇಳಬಹುದು. ಅಂಥ ನಾಯಿ ಕಣ್ಣು ಬಿಟ್ಟಾಗಿನಿಂದ ಅದೇ ಅಂಗಳದಲ್ಲಿ ಬೆಳೆದಿರುತ್ತದೆ. ಮರಿಗೆ ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗಿನ ಕಾಲ ಬಹಳ ಮುಖ್ಯ. ಆಗ ಜೊತೆಗಿದ್ದವರನ್ನು ಅದು ಮನೆಯವರೆಂದೇ ಎಣಿಸುತ್ತದೆ. ಸಿಂಬನಿಗೆ ಆ ಕಾಲದಲ್ಲಿ ಲಿಫ್ಟು, ಕಾರು, ನಿಮ್ಮ ಮಕ್ಕಳು ಪರಿಚಯವಾದರು. ಕೋಳಿ ಆಗಲಿಲ್ಲ.

ಮನೆಯಲ್ಲಿ ಅಲ್ಸೇಷಿಯನ್ ಇರುವ ಓದುಗರೂ ಇದನ್ನು ತಮಗೇ ಬರೆದದ್ದೆಂದು ಓದಿಕೊಳ್ಳಿ. 1899ರಲ್ಲಿ ಜರ್ಮನಿಯಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಆ ತಳಿಗೆ ರೂಪ ಕೊಟ್ಟಾಗ ಅದೂ ಕುರಿನಾಯಿಯೇ. ಮುಧೋಳ ನಾಯಿಯದ್ದು ಬೇರೆ ಕಥೆ. ಅದು ಓಡಿಸಿ ಹಿಡಿಯುವ ಬೇಟೆ ನಾಯಿ, ಕೋಳಿ ಇರುವ ಮನೆಯಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು.

ನೀವು ಕೇಳದಿದ್ದರೂ ಒಂದು ಮಾತು. ಹಳ್ಳಿಯಲ್ಲಿ ಉಣ್ಣೆಗೆಂದು ದನಕ್ಕೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನೇ ನಾಯಿಗೂ ಹಾಕಿಬಿಡುವವರಿದ್ದಾರೆ. ಕೋಲಿ ಬಳಗದ ಕೆಲವು ನಾಯಿಗಳಿಗೆ ಹುಟ್ಟಿನಿಂದಲೇ ಆ ಔಷಧಿ ತಡೆಯುವುದಿಲ್ಲ, ಮಿದುಳಿಗೆ ಏರಿ ಜೀವ ಹೋಗಬಹುದು. ಬಾರ್ಡರ್ ಕೋಲಿಗಳಲ್ಲಿ ಈ ದೋಷ ಅಪರೂಪ, ಆದರೂ ಪಶುವೈದ್ಯರನ್ನು ಕೇಳದೆ ಹಾಕಿಸಲೇಬೇಡಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯೂ ತಪ್ಪಬಾರದು.

ಅತ್ತೆಯವರ ಸಿಟ್ಟು ನ್ಯಾಯವಾದದ್ದು. ಮೊಟ್ಟೆ ಮಾರಿದ ದುಡ್ಡು ಅವರ ಸ್ವಂತದ್ದು, ಸತ್ತ ಹೇಂಟೆ ಅವರು ಸಾಕಿದ್ದು. ಬೇಲಿಯ ಖರ್ಚು ನಿಮ್ಮದಾಗಲಿ. ಒಂದು ಒಳ್ಳೆಯ ಹೇಂಟೆಯನ್ನೂ ತಂದುಕೊಡಿ. ಸಂಜೆಯ ಅಭ್ಯಾಸಕ್ಕೆ ಅವರನ್ನೂ ಕರೆಯಿರಿ. ಯಾವ ಹೇಂಟೆ ಧೈರ್ಯದ್ದು, ಯಾವುದು ಪುಕ್ಕಲು ಎಂದು ಅವರಿಗಷ್ಟೇ ಗೊತ್ತು. ಧೈರ್ಯದ ಕೋಳಿಯಿಂದಲೇ ಪಾಠ ಶುರುವಾಗಬೇಕು. ಕಾವಿಗೆ ಕೂತ ಹೇಂಟೆ, ಮರಿಗಳ ತಾಯಿ ಇವುಗಳ ಹತ್ತಿರ ಸಿಂಬನನ್ನು ಹಗ್ಗದಲ್ಲೂ ಒಯ್ಯಬೇಡಿ.

ಬೇಲಿಗೆ ದುಡ್ಡಿಲ್ಲ, ದಿನಕ್ಕೊಂದು ಗಂಟೆ ಬಿಡುವಿಲ್ಲ ಎನ್ನುವ ಪರಿಸ್ಥಿತಿ ಇದ್ದರೆ ಆಗ ಅವನನ್ನು ಕೊಡುವುದೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಕೋಳಿ ಇಲ್ಲದ, ಓಡಾಡಲು ಜಾಗವಿರುವ ಮನೆಯನ್ನೇ ಹುಡುಕಿ. ಹೇಂಟೆ ಸತ್ತ ವಿಷಯವನ್ನು ಮುಚ್ಚಿಡದೆ ಹೇಳಿ ಕೊಡಿ. ಸಾಧ್ಯವಾದರೆ ಮೊದಲು ಮೂರು ತಿಂಗಳು ಪ್ರಯತ್ನಿಸಿ ನೋಡಿ, ಆಮೇಲೆ ನಮಗೆ ಇನ್ನೊಂದು ಕಾಗದ ಬರೆಯಿರಿ. ಅತ್ತೆಯವರಿಗೆ ಕೇಳುವುದೇನಾದರೂ ಇದ್ದರೆ ಅವರೂ ಬರೆಯಲಿ.